ಕಲಾಯಿ ಗೌಸನ ದಫೇದಾರ

ಮುಳಬಾಗಿಲಿನ ಗೌಸ್ ಮೊಹಿದ್ದೀನನಿಗೆ ದೇವರು ಗಟ್ಟಿಮುಟ್ಟಾದ ಮೈ ಕೊಟ್ಟಿದ್ದ, ಹದವರಿತ ಬೆರಳುಗಳನ್ನು ಕೊಟ್ಟಿದ್ದ, ಒಂದು ಗಾಡಿ ತುಂಬುವಷ್ಟು ತಾಳ್ಮೆ ಕೊಟ್ಟಿದ್ದ. ಗಂಟಲು ಕೊಡುವ ಹೊತ್ತಿಗೆ ಮಾತ್ರ ಯಾರೋ ಕರೆದರೆಂದು ಎದ್ದು ಹೋದನೆಂದು ಕಾಣುತ್ತದೆ. ಏಳನೆಯ ವಯಸ್ಸಿನಲ್ಲಿ ಬಂದ ಗಂಟಲುಬೇನೆ ಗೌಸನ ಜೀವ ಬಿಟ್ಟು ದನಿಯನ್ನು ಹೊತ್ತುಕೊಂಡು ಹೋಯಿತು. ಉಳಿದದ್ದು ಒಂದು ಪಿಸುಮಾತು. ಅವನು ಹೊಟ್ಟೆಯಿಂದ ಕೂಗಿದರೂ ಕೂಗು ಮೀಸೆಯವರೆಗೆ ಬಂದು ಅಲ್ಲೇ ಕೂತು ಸುಧಾರಿಸಿಕೊಳ್ಳುತ್ತಿತ್ತು. ನಿಕಾಹದ ದಿನ ‘ಕಬೂಲ್’ ಎಂದು ಮೂರು ಸಲವಲ್ಲ, ಮೂವತ್ತು ಸಲ ಹೇಳಿದನಂತೆ, ಖಾಜಿಗಳಿಗೆ ಕೇಳಿಸಲಿಲ್ಲ. ಗಂಡಿಗೆ ಮನಸ್ಸಿಲ್ಲವೆಂದು ನೆಂಟರು ಚಪ್ಪಲಿ ಹುಡುಕುತ್ತಿದ್ದರು. ಕೊನೆಗೆ ಖಾಜಿಗಳು ಅವನ ಬಾಯಿಗೇ ಕಿವಿ ಆನಿಸಿ ಮದುವೆ ಮುಗಿಸಿದರು.

ಇಂಥವನಿಗೆ ಹಣೆಯಲ್ಲಿ ಬರೆದದ್ದು ಕೂಗಿ ಹೊಟ್ಟೆ ಹೊರೆಯುವ ಕಸುಬು. ಆಗ ನಮ್ಮ ಕಡೆ ಅಡಿಗೆಯೆಲ್ಲ ಮಣ್ಣಿನ ಮಡಕೆಯಲ್ಲಿ, ಇಲ್ಲವೇ ತಾಮ್ರ ಹಿತ್ತಾಳೆಯ ಪಾತ್ರೆಗಳಲ್ಲಿ. ತಾಮ್ರದ ಒಳಮೈಗೆ ತವರ ಬಳಿಯದೆ ಹುಳಿ ಪದಾರ್ಥ ಇಟ್ಟರೆ ಹಸಿರು ಕಿಲುಬು ಏಳುತ್ತದೆ. ಕಿಲುಬು ಒಳಕ್ಕೆ ಹೋದರೆ ಆಸಾಮಿ ಮೇಲಕ್ಕೆ ಹೋಗುತ್ತಾನೆ. ಹೀಗಾಗಿ ನಾಲ್ಕೈದು ತಿಂಗಳಿಗೊಮ್ಮೆ ಕಲಾಯಿಯವನು ಊರಿಗೆ ಬರಲೇಬೇಕು. ಅವನು ಊರಬಾಗಿಲಲ್ಲಿ ಕುಳಿ ತೋಡಿ, ಇದ್ದಲು ಹಾಕಿ, ತಿದಿ ಒತ್ತಿ, ಪಾತ್ರೆಯೊಳಗೆ ಮರಳು ಸುರಿದುಕೊಂಡು ಅದರೊಳಗೇ ನಿಂತು ಸೊಂಟ ತಿರುವಿ ಉಜ್ಜಿ, ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ, ಹತ್ತಿಯ ಉಂಡೆಯಿಂದ ಒಂದು ಸುತ್ತು ಒರೆಸಿದನೆಂದರೆ ಒಳಗೆಲ್ಲ ಬೆಳದಿಂಗಳು. ಗೌಸನ ಕೈಯ ಕಲಾಯಿ ಎಂಥದೆಂದರೆ ಶ್ರೀನಿವಾಸಪುರದ ಶ್ಯಾನುಭೋಗರೊಬ್ಬರು ಸಾರಿನ ತಪ್ಪಲೆಯಲ್ಲಿ ಮುಖ ನೋಡಿಕೊಂಡು ಆರು ತಿಂಗಳು ಕ್ಷೌರ ಮಾಡಿಕೊಂಡರು. ಮನೆಯವರು ಆರು ತಿಂಗಳು ಸಾರಿಲ್ಲದೆ ಉಂಡರು.

ಕೈ ಎಷ್ಟು ಒಳ್ಳೆಯದಾದರೇನು, ಬಂದಿದ್ದೇನೆಂದು ಊರಿಗೆ ಗೊತ್ತಾಗಬೇಕಲ್ಲ? ಅವನಪ್ಪ ಅಬ್ದುಲ್ ರಜಾಕ್ ಮುಳಬಾಗಿಲು ಬೆಟ್ಟದ ಬುಡದಲ್ಲಿ ನಿಂತು ‘ಕಲಾಯೀಈ’ ಎಂದರೆ ಕೋಲಾರದ ಅಂತರಗಂಗೆಯಲ್ಲಿ ಕೋತಿಗಳು ಮರಿಗಳನ್ನು ಅವುಚಿಕೊಳ್ಳುತ್ತಿದ್ದವು. ಆತ ತೀರಿಕೊಂಡ ಮೇಲೆ ಗೌಸ್ ಹತ್ತು ವರ್ಷ ಪೇಟೆಬೀದಿಯ ಮೂಲೆಯಲ್ಲಿ ಕೂತು, ಬಂದ ಪಾತ್ರೆಗೆ ಕೈಯಿಟ್ಟು, ಬಾರದ ಪಾತ್ರೆಗಳ ದಾರಿ ಕಾದ.

ಸಾವಿರದ ಒಂಬೈನೂರ ಮೂವತ್ತೈದರ ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ತೋಪೊಂದಕ್ಕೆ ಹಂಡೆಯ ಕಲಾಯಿಗೆಂದು ಹೋದವನಿಗೆ ಕಾವಲುಗಾರ ಒಂದು ಕಂದುಬಣ್ಣದ ನಾಯಿಮರಿ ಕೊಟ್ಟ. ಗೌಸ್ ಅದನ್ನು ಅಂಗಿಯ ಒಳಗೆ ಹಾಕಿಕೊಂಡು ಬಂದ. ಮರಿ ದೊಡ್ಡದಾಯಿತು, ಗಂಟಲು ಅದಕ್ಕಿಂತ ದೊಡ್ಡದಾಯಿತು. ದೇವರು ಗೌಸನಿಗೆ ಕೊಡಲು ಮರೆತದ್ದನ್ನೆಲ್ಲ ಬಡ್ಡಿಸಮೇತ ಈ ನಾಯಿಗೆ ಕೊಟ್ಟಿದ್ದ. ಗೌಸ್ ಊರ ಮುಂದಿನ ಅಶ್ವತ್ಥಕಟ್ಟೆಯಲ್ಲಿ ತಿದಿ ಇಳಿಸಿದ್ದೇ ತಡ, ಅದು ಊರ ಕಡೆ ಮುಖ ಮಾಡಿ ಮೂರು ಸಲ ಬೊಗಳಿ ಒಂದು ಸಲ ಎಳೆದು ಊಳಿಡುತ್ತಿತ್ತು. ಮೊದಮೊದಲು ಜನ ಕಲ್ಲು ಹಿಡಿದು ಬಂದರು. ಬಂದು ನೋಡಿದರೆ ಕಲಾಯಿಯವನು! ಕಲ್ಲು ಬಿಸಾಡಿ ಪಾತ್ರೆ ತಂದರು. ಎರಡನೆಯ ಸುತ್ತಿಗೆ ಕಲ್ಲು ತರುವುದನ್ನು ಬಿಟ್ಟು ಪಾತ್ರೆಯನ್ನೇ ಹಿಡಿದು ಬಂದರು.

ಅಮಲ್ದಾರರಿಗಿಂತ ಮುಂದೆ ಅವರ ದಫೇದಾರ ಊರಿಗೆ ಬಂದು ಸದ್ದು ಮಾಡುವುದಿಲ್ಲವೆ? ಹಾಗೆ ನಾಯಿಗೆ ದಫೇದಾರ ಎಂದೇ ಹೆಸರು ಬಿತ್ತು. ಕುರುಡುಮಲೆ, ಶ್ರೀನಿವಾಸಪುರ, ಕ್ಯಾಲನೂರು, ಕೋಲಾರ, ಮಾಲೂರು, ಲಕ್ಕೂರು ಎಂದು ಅವರಿಬ್ಬರು ಸುತ್ತು ಹಾಕಿ ಮನೆಗೆ ಬರುವ ಹೊತ್ತಿಗೆ ಮೊದಲ ಊರಿನ ಕಲಾಯಿ ಸವೆದಿರುತ್ತಿತ್ತು, ಮತ್ತೆ ಹೊರಡುತ್ತಿದ್ದರು. ದಫೇದಾರ ಒಮ್ಮೆ ಮಾಲೂರು ಸ್ಟೇಷನ್ನಿನಲ್ಲಿ ಬೊಗಳಿದಾಗ ಗಾರ್ಡು ಹಿಂದೆ ಮುಂದೆ ನೋಡದೆ ಹಸಿರು ಬಾವುಟ ಬೀಸಿ, ಡ್ರೈವರ್ ಕಾಫಿ ಕುಡಿಯುತ್ತಿದ್ದಂತೆಯೇ ರೈಲು ಹೊರಟುಹೋಯಿತಂತೆ. ಇದನ್ನು ನಾನು ಕಣ್ಣಾರೆ ಕಂಡವನಲ್ಲ. ಕಂಡವರ ಹೆಸರು ಹೇಳಬಲ್ಲೆ, ಆದರೆ ಅವರೂ ನನ್ನಂಥವರೇ.

ಇನ್ನು ಗೌಸನ ಹೆಂಡತಿ ಕರೀಮುನ್ನೀಸಾ. ಐದು ಹೊತ್ತಿನ ನಮಾಜು ತಪ್ಪಿಸಿದವಳಲ್ಲ. ನಾಯಿ ಇರುವ ಮನೆಯೊಳಕ್ಕೆ ಫರಿಶ್ತೆಗಳು, ಅಂದರೆ ದೇವದೂತರು, ಕಾಲಿಡುವುದಿಲ್ಲವೆಂಬುದು ಅವಳ ನಂಬಿಕೆ. ಆದ್ದರಿಂದ ದಫೇದಾರನ ಠಾಣೆ ಹೊಸಿಲಿನಾಚೆ, ಜಗಲಿಯ ಕೆಳಗೆ. “ಆ ನಾಯಿಗೆ ನನ್ನ ಕೈಯಿಂದ ಒಂದು ತುತ್ತು ಹಾಕಿದರೆ ಕೇಳಿ” ಎಂದು ಓಣಿಯ ಹೆಂಗಸರ ಮುಂದೆ ಆಣೆಯಿಟ್ಟಿದ್ದಳು. ಆಣೆಯಿಟ್ಟವಳು ಮುದ್ದೆ ಮಾಡುವಾಗ ಮಾತ್ರ ದಿನವೂ ಒಂದು ಪಾಲು ಹೆಚ್ಚಾಗಿ ತೊಳಸಿ, “ಮಿಕ್ಕಿತು, ತಗೊಂಡ್ಹೋಗಿ ಎಲ್ಲಾದ್ರೂ ಬಿಸಾಡ್ರಿ” ಎಂದು ಗಂಡನ ಕೈಗೆ ಕೊಡುತ್ತಿದ್ದಳು. ಎಂಟು ವರ್ಷ ಅವಳ ಲೆಕ್ಕಾಚಾರ ದಿನಕ್ಕೊಂದು ಮುದ್ದೆಯಂತೆ ತಪ್ಪುತ್ತಲೇ ಇತ್ತು.

ನಾಯಿಯ ಊಟಕ್ಕೆ ಒಂದು ಹಳೆಯ ತಾಮ್ರದ ಬೋಗುಣಿ ಇತ್ತು. ಶ್ರೀನಿವಾಸಪುರದಲ್ಲಿ ಗೌಸ್ ಉಜ್ಜುವಾಗ ಕಾಲು ಜಾರಿ ನೆಗ್ಗಿಸಿದ್ದು. ಪಾತ್ರೆಯವರು ಬೇಡವೆಂದದ್ದನ್ನು ಮನೆಗೆ ತಂದಿದ್ದ. ಆ ಬೋಗುಣಿಗೆ ಎಂಟು ವರ್ಷದಲ್ಲಿ ಒಮ್ಮೆಯೂ ಕಲಾಯಿ ಕಾಣಿಸಿರಲಿಲ್ಲ. ನಾಲ್ಕು ತಾಲ್ಲೂಕಿನ ಪಾತ್ರೆಗಳಿಗೆ ಬೆಳದಿಂಗಳು ಬಳಿದವನಿಗೆ ಅದೊಂದು ಭಾರವಾಗಿತ್ತೆಂದಲ್ಲ. ನಾಯಿ ಬಾಯಿಟ್ಟ ಪಾತ್ರೆಯನ್ನು ಏಳು ಸಲ ತೊಳೆಯಬೇಕೆಂಬುದು ಅವನ ಮನೆಯ ಶಾಸ್ತ್ರ. ನಾಯಿಯ ಬೋಗುಣಿ ಒರೆಸಿದ ಹತ್ತಿಯಿಂದ ತಮ್ಮ ಪಂಚಪಾತ್ರೆ ಒರೆಸಿದನೆಂದು ಗೊತ್ತಾದರೆ ಅಗ್ರಹಾರದವರು ಅವನನ್ನು ಬೀದಿಗೆ ಸೇರಿಸುತ್ತಿರಲಿಲ್ಲ. ಅದು ಅವರ ಮನೆಯ ಶಾಸ್ತ್ರ. ಎರಡು ಶಾಸ್ತ್ರಗಳ ನಡುವೆ ಬೋಗುಣಿ ಬರೀ ತಾಮ್ರವಾಗಿಯೇ ಉಳಿಯಿತು. ಒಣ ಮುದ್ದೆ ತಿನ್ನುವ ನಾಯಿಗೆ ಅದರಿಂದೇನೂ ಆಗಲಿಲ್ಲ.

ಸಾವಿರದ ಒಂಬೈನೂರ ನಲವತ್ತಮೂರರ ಬೇಸಿಗೆ. ಆ ವರ್ಷದ ಬಿಸಿಲಿಗೆ ಮುಳಬಾಗಿಲಿನ ಕೋಳಿಗಳು ಬೆಂದ ಮೊಟ್ಟೆಯನ್ನೇ ಇಡುತ್ತಿದ್ದವು. ಗೌಸ್ ಮಾರನೆಯ ಬೆಳಿಗ್ಗೆ ಕೋಲಾರದ ಸುತ್ತಿಗೆ ಹೊರಡುವವನಿದ್ದ. ದೂರದ ದಾರಿ, ಮೂಕಪ್ರಾಣಿಯ ಹೊಟ್ಟೆ ತಂಪಾಗಿರಲಿ ಎಂದು ಕರೀಮುನ್ನೀಸಾ ಯೋಚಿಸಿದಳು. ಬೆಳಿಗ್ಗೆ ನಮಾಜಿಗೆ ಕೈಕಾಲು ಮುಖ ತೊಳೆದು ವುಜೂ ಮಾಡಿದ ಮೇಲೆ ನಾಯಿಯ ಬೋಗುಣಿ ಮುಟ್ಟುವ ಹಾಗಿಲ್ಲ. ಅದಕ್ಕೇ ಸಂಜೆಯೇ, ಓಣಿಯಲ್ಲಿ ಯಾರೂ ಇಲ್ಲದ್ದು ನೋಡಿ, ಬೋಗುಣಿ ತುಂಬ ಹುಳಿ ಮಜ್ಜಿಗೆ ಹುಯ್ದು, ಬೆಕ್ಕು ಬಾಯಿ ಹಾಕದಂತೆ ಮೇಲೊಂದು ಹಲಗೆ ಮುಚ್ಚಿದಳು. ಬೆಳಿಗ್ಗೆ ಕಾಲಿನಿಂದ ಹಲಗೆ ಸರಿಸಿದಳು. ದಫೇದಾರ ಬೋಗುಣಿಯನ್ನು ನೆಕ್ಕಿ ಒಣಗಿಸಿ ಬಾಲ ಆಡಿಸಿತು.

ಮೂರನೆಯ ಮೈಲಿಗಲ್ಲಿನ ಹತ್ತಿರ ಅದು ನಿಂತಿತು. ಕಾರಿತು. ಕಾರಿದ್ದು ಹಸಿರು. ಬೇರೆ ಯಾರಾದರೂ ಹುಲ್ಲು ತಿಂದಿದೆ ಎನ್ನುತ್ತಿದ್ದರು. ಗೌಸ್ ಕಲಾಯಿಯವನು, ಆ ಹಸಿರನ್ನು ಅವನು ಅಪ್ಪನ ಕಾಲದಿಂದ ಮರಳಿನಲ್ಲಿ ಉಜ್ಜಿ ಉಜ್ಜಿ ತೆಗೆದವನು. ತಿದಿಯನ್ನೂ ಇದ್ದಲಿನ ಚೀಲವನ್ನೂ ರಸ್ತೆಯ ಬದಿಗೆ ಬಿಸಾಡಿ ನಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು ವಾಪಸು ಓಡಿದ. ದಾರಿಯಲ್ಲಿ ಗಾಡಿಯವರನ್ನು ಕೂಗಿದ. ಎರಡು ಗಾಡಿ ಹೋದವು, ಯಾರಿಗೂ ಕೇಳಿಸಲಿಲ್ಲ. ಕೂಗಬೇಕಾದದ್ದು ಹೆಗಲ ಮೇಲೆ ನೇತಾಡುತ್ತಿತ್ತು. ಊರು ಕಾಣುವ ಹೊತ್ತಿಗೆ ಅದು ತಣ್ಣಗಾಗಿತ್ತು.

ಹಿತ್ತಲಿನಾಚೆ ಹೂಳಿ ಬಂದು ಜಗಲಿಯ ಕೆಳಗೆ ಬಗ್ಗಿ ನೋಡಿದ. ಬೋಗುಣಿಯ ಒಳಗೆ, ಮಜ್ಜಿಗೆ ನಿಂತಿದ್ದ ಮಟ್ಟಕ್ಕೆ, ಹಸಿರು ಗೆರೆ. ಒಂದು ಹಿಡಿ ಹೊಸ ಹತ್ತಿ, ಅದರಿಂದ ಒರೆಸಿ ಆಮೇಲೆ ಒಲೆಗೆ ಹಾಕಿಬಿಟ್ಟಿದ್ದರೆ ಯಾವ ಶಾಸ್ತ್ರಕ್ಕೂ ಗೊತ್ತಾಗುತ್ತಿರಲಿಲ್ಲ. ಎಂಟು ವರ್ಷದಲ್ಲಿ ಆ ಒಂದು ಹಿಡಿ ಹತ್ತಿ ಅವನಿಗೆ ಹೊಳೆದಿರಲಿಲ್ಲ. ಅವನು ಬೋಗುಣಿಯನ್ನು ಬೋರಲು ಹಾಕಿ ಎದ್ದ. ಬಾಗಿಲಲ್ಲಿ ಕರೀಮುನ್ನೀಸಾ ನಿಂತಿದ್ದಳು. “ಇನ್ನು ಈ ಮನೆಗೆ ನಾಯಿ ನಕ್ಕೋ” ಎಂದಷ್ಟೇ ಅಂದು ಒಳಗೆ ಹೋದಳು. ನಕ್ಕೋ ಅಂದರೆ ಅವರ ಮಾತಿನಲ್ಲಿ ಬೇಡ ಎಂದು.

ಆಮೇಲೆ ಗೌಸ್ ಸುತ್ತಿಗೆ ಹೊರಟದ್ದು ಒಬ್ಬನೇ. ಊರಿಗೆ ಹೋಗುವುದು, ಕಟ್ಟೆಯಲ್ಲಿ ಕೂರುವುದು. ತಿದಿ ಒತ್ತಿದರೂ ಯಾರೂ ಬರುತ್ತಿರಲಿಲ್ಲ. ಊರ ಈ ಬಾಗಿಲಿನಿಂದ ಹೊಕ್ಕು ಆ ಬಾಗಿಲಿನಿಂದ ಹೊರಗೆ ಹೋದರೂ ಬಂದುಹೋದನೆಂದು ಗೊತ್ತಾಗುತ್ತಿದ್ದದ್ದು ಅವನ ಹೆಜ್ಜೆಗಳಿಗೆ ಮಾತ್ರ.

ಉಪಾಯಗಳನ್ನು ಮಾಡದೆ ಇರಲಿಲ್ಲ. ಒಂದು ಗಂಟೆ ಕೊಂಡು ಅಲ್ಲಾಡಿಸುತ್ತ ಶ್ರೀನಿವಾಸಪುರದ ದಾರಿ ಹಿಡಿದ. ಹೆಂಗಸರು ಬರಲಿಲ್ಲ, ಕುರಿಗಳು ಬಂದವು. ಇನ್ನೂರು ಕುರಿ ಎರಡು ಮೈಲಿ ಅವನ ಹಿಂದೆ ನಡೆದವು. ಮಂದೆಯವನು ಕುರಿಗಳ್ಳನೆಂದು ದೊಣ್ಣೆ ತೆಗೆದ. “ಇಲ್ಲಪ್ಪ, ನಾನು ಕಲಾಯಿಯವನು” ಎಂದು ಗೌಸ್ ಎಷ್ಟು ಅರಚಿದರೂ ಅದು ಕುರಿಗಳಿಗೂ ಕೇಳಿಸಲಿಲ್ಲ. ಗಂಟೆ ಬಿಟ್ಟು ಲಕ್ಕೂರಿನಲ್ಲಿ ತಟ್ಟೆ ಬಡಿದ. ಯುದ್ಧದ ಕಾಲ, ಸರ್ಕಾರದವರು ಊರೂರಿಗೆ ಬಂದು ರಾಗಿ ಅಳೆಸಿಕೊಳ್ಳುತ್ತಿದ್ದರು, ಅದಕ್ಕೆ ಮುಂಚೆ ತಳವಾರ ಹೀಗೇ ತಟ್ಟೆ ಬಡಿಯುತ್ತಿದ್ದ. ಗೌಸ್ ಎರಡೇಟು ಹಾಕಿದ್ದೇ ಲಕ್ಕೂರು ಬಾಗಿಲು ಹಾಕಿಕೊಂಡಿತು. ರಾಗಿಯನ್ನು ನೆಲದೊಳಗಿನ ಹಗೇವಿಗೆ ಸುರಿದವರು ಕೆಲವರು, ಹಗೇವಿನ ಮೇಲೆ ಹಾಸಿಗೆ ಹಾಸಿ ಜ್ವರವೆಂದು ಮಲಗಿದವರು ಕೆಲವರು. ಒಬ್ಬ ಮುದುಕ ಮಾತ್ರ ಹೊರಗೆ ಬಂದು, “ಸ್ವಾಮೀ, ನಮ್ಮೂರಾಗೆ ರಾಗಿ ಅನ್ನೋ ಪದಾರ್ಥಾನೇ ಯಾರೂ ನೋಡಿಲ್ಲ” ಎಂದು ಕೈಮುಗಿದ. ಅವನ ಮೀಸೆಯಲ್ಲಿ ಮುದ್ದೆಯ ಚೂರಿತ್ತು.

ಈ ಕತೆಗಳನ್ನು ಗೌಸ್ ತಾನೇ ಹೇಳಿ ನಗಿಸುತ್ತಿದ್ದ. ನಗಿಸಿ ಆದ ಮೇಲೆ ಪಕ್ಕಕ್ಕೆ ಕೈ ಇಳಿಬಿಟ್ಟು, ನಾಯಿಯ ತಲೆ ಇರಬೇಕಾದ ಎತ್ತರದಲ್ಲಿ, ಗಾಳಿಯನ್ನು ಎರಡು ಸಲ ತಟ್ಟುತ್ತಿದ್ದ. ಅದು ಅವನಿಗೆ ಗೊತ್ತಾಗುತ್ತಿರಲಿಲ್ಲ. ನೋಡಿದವರು ಮುಖ ತಿರುಗಿಸುತ್ತಿದ್ದರು.

ಆ ವರ್ಷ ದೀಪಾವಳಿಯ ಹಿಂದೆ ಮುಂದೆ ಕುರುಡುಮಲೆಯಲ್ಲಿ ಅಕ್ಕಯಮ್ಮನ ಮನೆಯ ನಾಯಿ ಕೆಂಚಿ ಐದು ಮರಿ ಹಾಕಿತು. ಅಕ್ಕಯಮ್ಮ ರಾಗಿ, ಅವರೆ, ಹಿಪ್ಪುನೇರಳೆ ಬೆಳೆಯುವ ಮನೆಯ ಯಜಮಾನಿ, ಅರವತ್ತು ದಾಟಿತ್ತು. ಮಾತು ಕನ್ನಡದಲ್ಲಿ ಹೊರಟರೂ ಕೋಪ ಬಂದಾಗ ತೆಲುಗಿನಲ್ಲಿ ಇಳಿಯುತ್ತಿತ್ತು. ಗೌಸ್ ಬಂದದ್ದನ್ನು ನೋಡಿ ಅವಳೇ ಕರೆದಳು.

“ಏನ್ಲಾ ಗೌಸ, ನಾಯಿ ಇಲ್ದೆ ದೆವ್ವದ ತರ ತಿರುಗ್ತಾ ಇದ್ದೀಯಂತೆ. ತಗೊಂಡೋಗು ಒಂದು ಮರೀನ. ನಮ್ಮನೆ ಪದ್ಧತಿ ಗೊತ್ತಲ್ಲ?”

ಅವರ ಮನೆಯಲ್ಲಿ ನಾಯಿಮರಿಗೆ ಕಾಸು ಮುಟ್ಟುವುದಿಲ್ಲ. ಒಯ್ಯುವವನು ತಾಯಿಗೆ ತನ್ನ ಕೈಯಿಂದ ಒಂದು ಮುದ್ದೆ ಇಕ್ಕಬೇಕು. ತಾಯಿ ಅದನ್ನು ತಿಂದು ಮುಗಿಸುವುದರೊಳಗೆ ಮರಿ ಎತ್ತಿಕೊಂಡು ಹೊರಟುಬಿಡಬೇಕು. ತಿಂದು ತಲೆಯೆತ್ತಿ ನೋಡಿದರೆ ಆ ದಿನ ಮರಿ ಇಲ್ಲ. ಕಣ್ಣೆದುರಿಗೆ ಕಿತ್ತುಕೊಂಡರೆ ತಾಯಿಯ ಶಾಪ.

ಗೌಸ್ ಮುದ್ದೆ ಇಕ್ಕಿದ. ಒಂದು ಮರಿ ಎತ್ತಿಕೊಂಡ. ಅದರ ಹೊಟ್ಟೆ ಬೆಚ್ಚಗಿತ್ತು; ಅವನ ಹೆಬ್ಬೆರಳನ್ನು ಚೀಪಿತು. ಅವನು ಆ ಬಾಯನ್ನೇ ನೋಡುತ್ತ ನಿಂತ. ಈ ಬಾಯಿಗೆ ಏನಿಡುತ್ತೇನೆ, ಎಲ್ಲಿಡುತ್ತೇನೆ? ಅಷ್ಟರಲ್ಲಿ ಕೆಂಚಿ ಮುದ್ದೆ ನುಂಗಿ ತಲೆಯೆತ್ತಿತು. ಗೌಸ್ ಮರಿಯನ್ನು ಕೆಳಗಿಟ್ಟ.

“ಯಾಕ್ಲಾ?”

“ಮನೇಲಿ ಒಪ್ಪಲ್ಲಮ್ಮ.”

ಹತ್ತು ದಿನ ಬಿಟ್ಟು ಮತ್ತೆ ಬಂದ. ಆರು ಮೈಲಿ ನಡೆದು, ಮುದ್ದೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು. ಮತ್ತೆ ಅದೇ. ಮೂರನೆಯ ಸಲ, ನಾಲ್ಕನೆಯ ಸಲ. ಅಷ್ಟರಲ್ಲಿ ಬೇರೆಯವರು ಬಂದು ಒಂದೊಂದೇ ಮರಿ ಒಯ್ದರು. ಕೆಂಚಿ ಮಾತ್ರ ಗೌಸನ ಮುದ್ದೆ ತಿಂದು ತಿಂದು, ಕುರುಡುಮಲೆಗೆ ಗಣಪನನ್ನು ನೋಡಲು ಬಂದವರು ಮೊದಲು ಇದಕ್ಕೇ ಸುತ್ತು ಹಾಕುವಷ್ಟು ದಪ್ಪಗಾಯಿತು.

ಡಿಸೆಂಬರಿನ ಒಂದು ಸಂತೆಯ ದಿನ ಅಕ್ಕಯಮ್ಮ ತಲೆಯ ಮೇಲೆ ಅವರೆಕಾಯಿಯ ಗಂಪೆ ಹೊತ್ತು ಮುಳಬಾಗಿಲಿಗೆ ಬಂದವಳು ಸಂತೆಗೆ ಹೋಗದೆ ನೇರ ಗೌಸನ ಬಾಗಿಲಿಗೆ ಬಂದಳು.

“ಕರೀಮವ್ವಾ, ಒಳಗಿದ್ದೀಯಾ? ಈಚೆಗೆ ಬಾರಮ್ಮ. ನಿನ್ನ ಗಂಡ ನನ್ನ ನಾಯೀನ ಕೊಲ್ತಾ ಅವ್ನೆ.”

ಬಾಗಿಲಿನ ಪರದೆಯ ಹಿಂದಿನಿಂದ ಕರೀಮುನ್ನೀಸಾ ಗಾಬರಿಯಾಗಿ, “ಯಾ ಅಲ್ಲಾ! ಏನ್ ಮಾಡಿದ್ರು ಅಕ್ಕಾ?” ಎಂದಳು.

“ಮುದ್ದೆ ಇಕ್ಕಿ ಇಕ್ಕಿ ಕೊಲ್ತಾ ಅವ್ನೆ. ಬರ್ತಾನೆ, ಇಕ್ತಾನೆ, ಮರಿ ಎತ್ಕೊಂತಾನೆ, ಕಣ್ಣಲ್ಲಿ ನೀರಾಕ್ಕೊಂತಾನೆ, ಕೆಳಗಿಟ್ಟು ಹೊರಟೋಗ್ತಾನೆ. ಕೇಳಿದ್ರೆ ನೀನು ಬ್ಯಾಡ ಅಂದಿದ್ದೀಯಂತೆ. ಯಾಕಮ್ಮ, ನಿಮ್ಮ ದೇವದೂತರು ಬರಲ್ಲ ಅಂತಾನಾ? ಒಂದು ಮೂಕಜೀವ ಜಗಲಿ ಕೆಳಗೆ ಬಿದ್ಕೊಂಡ್ರೆ ನಿನ್ನದೇನು ಗಂಟು ಹೋಯ್ತದೆ? ಏಮಿ ಮನಸಮ್ಮ ನೀದಿ!”

ಪರದೆಯ ಅಂಚನ್ನು ಒಳಗಿನಿಂದ ಒಂದು ಕೈ ಹಿಡಿಯಿತು.

“ಅದಕ್ಕಲ್ಲ ಅಕ್ಕಾ,” ಎಂದಳು ಕರೀಮುನ್ನೀಸಾ. “ಇನ್ನೊಂದನ್ನೂ ನಾನೇ ಸಾಯಿಸ್ಬೇಕಾ?”

“ಏನಂದೆ?”

“ದಫೇದಾರನ್ನ ಕೊಂದೋಳು ನಾನು. ಮಜ್ಜಿಗೆ ಹುಯ್ದೆ. ಹುಳಿ ಮಜ್ಜಿಗೆ, ಆ ತಾಮ್ರದಲ್ಲಿ, ರಾತ್ರಿಯೆಲ್ಲ ಮುಚ್ಚಿಟ್ಟೆ. ಕಲಾಯಿಯವನ ಹೆಂಡ್ತಿ ನಾನು! ಇಪ್ಪತ್ತು ವರ್ಷದಿಂದ ಊರೋರಿಗೆಲ್ಲ ಹುಳಿ ಇಡಬೇಡಿ ಹುಳಿ ಇಡಬೇಡಿ ಅಂತ ಹೇಳ್ಕೊಂಡು ಬಂದೋಳು. ನಮ್ಮ ಮನೆಯವರಿಗೆ ಗೊತ್ತಿಲ್ಲ. ಗೊತ್ತಾದ್ರೆ ನನ್ನ ಮುಖ ನೋಡಲ್ಲ ಅವರು.”

ಗೌಸ್ ಹಿತ್ತಲಿನಲ್ಲಿ ಇದ್ದಲು ಜರಡಿ ಹಿಡಿಯುತ್ತಿದ್ದ. ಅವನ ಗಂಟಲು ಕೆಟ್ಟಿತ್ತೇ ಹೊರತು ಕಿವಿ ಚೆನ್ನಾಗಿತ್ತು. ಜರಡಿ ಹಿಡಿದುಕೊಂಡೇ ಒಳಗೆ ಬಂದ. ಮುಖವೆಲ್ಲ ಮಸಿ.

“ಮಜ್ಜಿಗೆ ಅಂತ ನಂಗೆ ಗೊತ್ತಿತ್ತು.”

“ಗೊತ್ತಿತ್ತಾ? ಗೊತ್ತಿದ್ದೂ ಎಂಟು ತಿಂಗಳು ಬಾಯಿ ಮುಚ್ಕೊಂಡಿದ್ರಾ?”

“ತೆರೆದಿದ್ರೆ ಯಾರಿಗೆ ಕೇಳಿಸ್ತಿತ್ತು?” ಎಂದ ಗೌಸ್. ಆಮೇಲೆ ಇನ್ನಷ್ಟು ಸಣ್ಣಗೆ, “ಮಜ್ಜಿಗೇದೇನು ತಪ್ಪು? ಬೋಗುಣಿಗೆ ಕಲಾಯಿ ಹಾಕ್ದೆ ಬಿಟ್ಟೋನು ನಾನು” ಎಂದ.

“ಬೋಗುಣಿ ತನ್ನ ಪಾಡಿಗೆ ತಾನಿತ್ತು. ಹುಯ್ದೋಳು ನಾನು.”

“ನಾನು ಬಿಟ್ಟಿದ್ದಕ್ಕೆ ತಾನೇ ನೀನು ಹುಯ್ದಿದ್ದು?”

“ನಿಮಗೇನು ಕನಸು ಬಿದ್ದಿತ್ತಾ ನಾನು ಹುಯ್ತೀನಿ ಅಂತ? ಸುಮ್ನಿರಿ. ತಪ್ಪು ನಂದು.”

“ನಂದು.”

“ನಂದು ಅಂದೆ!”

ಅಕ್ಕಯಮ್ಮ ಗಂಪೆಯನ್ನು ಜಗಲಿಗೆ ಇಳಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ತಪ್ಪು ನಿಂದು ನಿಂದು ಅಂತ ಕಿತ್ತಾಡೋ ಗಂಡ ಹೆಂಡ್ತೀರನ್ನ ನಾಲ್ಕು ತಾಲ್ಲೂಕು ತುಂಬ ನೋಡಿದ್ದೀನಿ. ಈ ತರ ಕಿತ್ತಾಡೋರನ್ನ ಈವತ್ತೇ ನೋಡಿದ್ದು” ಎಂದಳು.

ಇಬ್ಬರೂ ಅವಳ ಕಡೆ ನೋಡಿದರು. ಇಲ್ಲ, ಯಾರದೂ ತಪ್ಪಿಲ್ಲ, ಹಣೆಬರಹ ಎಂದು ಅವಳ ಬಾಯಿಂದ ಬಂದೀತೆಂದು ಕಾದಿದ್ದರೋ ಏನೋ.

“ಇಬ್ಬರದೂ ತಪ್ಪೇ,” ಎಂದಳು ಅಕ್ಕಯಮ್ಮ. “ನಾನೇನು ಇಲ್ಲ ಅನ್ನಲ್ಲ. ಈಗ ಐದ್ರಲ್ಲಿ ನಾಕು ಮರಿ ಹೋದ್ವು. ಒಂದು ಉಳಿದೈತೆ, ಎಲ್ರೂ ಬ್ಯಾಡ ಅಂದಿದ್ದು. ಬೇಕಾ, ಬ್ಯಾಡ್ವಾ, ಅಷ್ಟು ಹೇಳಿ. ನನ್ನ ಅವರೆಕಾಯಿ ಬಾಡ್ತಾ ಐತೆ.”

“ಯಾಕೆ ಬೇಡ ಅಂದ್ರು?” ಎಂದು ಕೇಳಿದವಳು ಕರೀಮುನ್ನೀಸಾ.

“ಬೊಗಳಲ್ಲ. ಹುಟ್ಟಿದಾಗಿನಿಂದ ಒಂದು ಸದ್ದಿಲ್ಲ. ಬೊಗಳದೆ ಇರೋ ನಾಯಿ ತಗೊಂಡು ಯಾರೇನ್ ಮಾಡ್ತಾರೆ?”

ಗೌಸ್ ಪಕ್ಕಕ್ಕೆ ಇಳಿಬಿಟ್ಟ ಕೈಯಿಂದ ಗಾಳಿಯನ್ನು ತಟ್ಟಿದ. ಈ ಸಲ ಅವನ ಹೆಂಡತಿ ಅದನ್ನು ನೋಡಿದಳು. “ತಗೊಂಡು ಬನ್ನಿ” ಎಂದು ಗಂಡನಿಗೆ ಹೇಳಿದಳು. “ಮುದ್ದೆ ಸಣ್ಣದು ಕಟ್ಕೊಡಲ್ಲ, ದೊಡ್ಡದೇ ಕಟ್ಕೊಡ್ತೀನಿ. ಅದು ತಿಂದು ಮುಗಿಸೋ ಹೊತ್ತಿಗೆ ನಿಮಗೆ ಬುದ್ಧಿ ಬರ್ಲಿ.”

ಆ ಮುದ್ದೆ ಬೀಸುವ ಕಲ್ಲಿನಷ್ಟಿತ್ತು. ಕೆಂಚಿ ಅದನ್ನು ತಿನ್ನುತ್ತಿರುವಾಗ ಗೌಸ್ ಮರಿ ಎತ್ತಿಕೊಂಡು ಹಿಂದೆ ತಿರುಗದೆ ಹೊರಟ. ಕೆಂಚಿ ಇನ್ನೂ ಅರ್ಧ ತಿಂದಿರಲಿಲ್ಲ, ಅವನು ಮುಳಬಾಗಿಲು ತಲುಪಿದ್ದ ಎಂದು ಕುರುಡುಮಲೆಯವರು ಹೇಳುತ್ತಾರೆ.

ಮನೆಯಲ್ಲಿ ಒಂದು ಹೊಸ ಮಣ್ಣಿನ ಬೋಗುಣಿ ಇತ್ತು. ಕರೀಮುನ್ನೀಸಾ ಕುಂಬಾರಗಿತ್ತಿಯನ್ನು ಬಾಗಿಲಿಗೆ ಕರೆಸಿ, ಹತ್ತು ಬೋಗುಣಿ ತಟ್ಟಿ ನೋಡಿ ಆರಿಸಿದ್ದಳು. ಕಲಾಯಿಯವನ ಮನೆಗೆ ಮಣ್ಣಿನ ಪಾತ್ರೆ ಬಂತೆಂದು ಓಣಿಯವರು ನಕ್ಕರು. ಹೊಸಿಲಿನ ವಿಚಾರದಲ್ಲಿ ಅವಳು ಸಡಿಲಬಿಡಲಿಲ್ಲ. ಮರಿ ಜಗಲಿಯ ಕೆಳಗೇ. ಆದರೆ ಓಣಿಯವರ ಕಣ್ಣೆದುರಿಗೇ, ಹಾಡಹಗಲು, ತನ್ನ ಕೈಯಿಂದ ಊಟ ಹಾಕಿ, ಒಳಗೆ ಹೋಗಿ ಏಳು ಸಲ ಕೈ ತೊಳೆದಳು. ಅದನ್ನು ಗೂಂಗಾ ಎಂದು ಕರೆದಳು. ಗೂಂಗಾ ಅಂದರೆ ಮೂಗ.

ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಗೌಸನಿಗೆ ಒಂದು ಚಾಳಿ ಅಂಟಿಕೊಂಡಿತು. ಮರಿಗೆ ಯಾರು ಏನು ಹಾಕಿದರೂ ಮೊದಲು ಅವನು ಬೆರಳದ್ದಿ ನೆಕ್ಕಬೇಕು. ನೆಕ್ಕಿ, ನಾಲಗೆಯ ಮೇಲೆ ಹೊರಳಿಸಿ, ಸ್ವಲ್ಪ ಹೊತ್ತು ತನ್ನ ಹೊಟ್ಟೆಯನ್ನು ಕೇಳಿಕೊಂಡು ಆಮೇಲೆ ಕೆಳಗಿಡಬೇಕು. ಮಣ್ಣಿನ ಬೋಗುಣಿಯಲ್ಲಿ ಕಿಲುಬು ಏಳುವುದಿಲ್ಲವೆಂದು ನಾಲ್ಕು ತಾಲ್ಲೂಕಿಗೆ ಹೇಳುವ ಮನುಷ್ಯ, ತನಗೆ ತಾನೇ ಹೇಳಿಕೊಳ್ಳಲಾರದೆ ಹೋದ. ರುಚಿ ನೋಡುವ ಆಳು ನಮ್ಮ ಪಾಳೆಯಗಾರರಿಗೂ ಇರಲಿಲ್ಲ, ಈ ನಾಯಿಗಿದ್ದಾನೆ ಎಂದು ಜನ ನಕ್ಕರು. ಕರೀಮುನ್ನೀಸಾ ನಗಲಿಲ್ಲ. ಅವಳೂ ಬೋಗುಣಿಗೆ ಹಾಕುವ ಮುಂಚೆ ಒಳಗೇ ಒಮ್ಮೆ ನೆಕ್ಕುತ್ತಿದ್ದಳು. ಹೀಗೆ ಗೂಂಗಾನ ಪಾಲಿಗೆ ಬರುತ್ತಿದ್ದದ್ದು ಎರಡು ಎಂಜಲು ಕಳೆದು ಉಳಿದದ್ದು.

ಇತ್ತ ತವರವೂ ತೀರಿತು. ಅದು ಬರಬೇಕಾದ್ದು ಮಲಯದಿಂದ. ಮಲಯ ಜಪಾನಿನವರ ಕೈಯಲ್ಲಿತ್ತು. ಅಪ್ಪನ ಕಾಲದ ಕೊನೆಯ ಕಡ್ಡಿಯೂ ಯುಗಾದಿಯ ಹೊತ್ತಿಗೆ ಕರಗಿಹೋಯಿತು. ಆದರೂ ಗೌಸ್ ಸುತ್ತು ಬಿಡಲಿಲ್ಲ. ಬೊಗಳದ ನಾಯಿಯನ್ನು ಕಟ್ಟಿಕೊಂಡು, ಕೂಗಲಾರದ ಮನುಷ್ಯ, ಹಾಕಲು ಕಲಾಯಿಯೇ ಇಲ್ಲದೆ, ಊರೂರು ತಿರುಗಿದ. ಕಟ್ಟೆಯಲ್ಲಿ ಕೂರುತ್ತಿದ್ದ. ದಾರಿಯಲ್ಲಿ ಹೋಗುವ ಹೆಂಗಸರು ತಾವಾಗಿ ನೋಡಿ ಪಾತ್ರೆ ತಂದರೆ ಮರಳಿನಲ್ಲಿ ಉಜ್ಜಿ ಕಿಲುಬು ತೆಗೆದುಕೊಟ್ಟು, ಹತ್ತಿರಕ್ಕೆ ಕರೆದು, “ಹುಳಿ ಮಾತ್ರ ಇಡಬೇಡಮ್ಮ” ಎಂದು ಪಿಸುಗುಡುತ್ತಿದ್ದ. ಗುಟ್ಟು ಹೇಳುತ್ತಿದ್ದಾನೆಂದು ಅವರು ಕಿವಿಯಿಟ್ಟು ಕೇಳುತ್ತಿದ್ದರು, ಕೇಳಿ ಮನೆಯಲ್ಲಿ ಪಾಲಿಸುತ್ತಿದ್ದರು. ಕೂಗಿ ಹೇಳಿದ್ದರೆ ಯಾರು ಪಾಲಿಸುತ್ತಿದ್ದರೋ ಕಾಣೆ.

ನಲವತ್ತನಾಲ್ಕರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅವರಿಬ್ಬರು ಕ್ಯಾಲನೂರಿನ ಕಟ್ಟೆಯಲ್ಲಿದ್ದರು. ಬೆಳಗಿನಿಂದ ಹನ್ನೆರಡು ಮೈಲಿ ನಡೆದಿದ್ದರು. ಎದುರುಮನೆಯ ದೊಡ್ಡಗಂಗಮ್ಮ ನಾಯಿಯನ್ನು ನೋಡಿ ಮರುಗಿ ಒಂದು ಚೆಂಬು ರಾಗಿ ಅಂಬಲಿ ತಂದು ಮಣ್ಣಿನ ಬೋಗುಣಿಗೆ ಹುಯ್ದಳು. ಗೌಸ್ ಬೋಗುಣಿಯನ್ನು ಎತ್ತಿಕೊಂಡ. ಬೆರಳದ್ದಿ ನೆಕ್ಕಿದ. ಕಾದ.

“ಏನಯ್ಯಾ, ನಾನೇನು ವಿಷ ಇಕ್ಕಿದ್ನಾ?” ಎಂದಳು ದೊಡ್ಡಗಂಗಮ್ಮ.

“ಇಲ್ಲಮ್ಮ, ಇಲ್ಲ. ನಿಂದೇನಿಲ್ಲ,” ಎಂದ ಗೌಸ್. “ಚೆಂಬು ಹಿತ್ತಾಳೆದಾ?”

“ಹೂಂ. ನೀನೇ ಹೋದ ವರ್ಷ ಕಲಾಯಿ ಹಾಕಿದ್ದು.”

ತಾನೇ ಹಾಕಿದ ಕಲಾಯಿ ಎಂದು ಕೇಳಿ ಅವನು ಎರಡನೆಯ ಸಲ ಬೆರಳದ್ದಿದ. ಗೂಂಗಾ ಎದುರಿಗೆ ಕೂತು ಬೋಗುಣಿಯನ್ನು ನೋಡಿತು, ಅವನ ಬೆರಳನ್ನು ನೋಡಿತು, ಅವನ ಬಾಯನ್ನು ನೋಡಿತು. ಎಂಟು ತಿಂಗಳಿನಿಂದ ಹೀಗೆ ಕೂತು ನೋಡಿದ ಪ್ರಾಣಿ. ಗೌಸ್ ಮೂರನೆಯ ಸಲ ಬೆರಳದ್ದುವಾಗ ಅದು ಎದ್ದು ನಿಂತು, ನಾಲ್ಕು ಕಾಲೂ ನೆಲಕ್ಕೆ ಊರಿ, ಅವನ ಮುಖಕ್ಕೇ ಬೊಗಳಿತು.

ಆ ಬೊಗಳಿಗೆ ಅಶ್ವತ್ಥದ ಎಲೆಗಳು ಮಗುಚಿಕೊಂಡವು, ಕ್ಯಾಲನೂರಿನ ಎಮ್ಮೆಗಳೆಲ್ಲ ಕರೆಯುವವರಿಲ್ಲದೆಯೇ ಹಾಲು ಸೋರಿಸಿದವು. ಗೌಸ್ ಬೋಗುಣಿ ಹಿಡಿದುಕೊಂಡು ಬಾಯಿ ತೆರೆದು ಕೂತ. ನಾಯಿ ಮತ್ತೆ ಬೊಗಳಿತು. ಬೀದಿಯ ಬಾಗಿಲುಗಳು ತೆರೆದವು. ಒಬ್ಬಳು ತಪ್ಪಲೆ ಹಿಡಿದು ಬಂದಳು, ಒಬ್ಬಳು ಕೊಳಗ, ಒಬ್ಬಳು ಎರಡು ಕೈಯಲ್ಲಿ ಎರಡು ಚೆರಿಗೆ. ನೋಡುತ್ತಿದ್ದಂತೆ ಕಟ್ಟೆಯ ಸುತ್ತ ಪಾತ್ರೆಗಳ ಸಂತೆ ನೆರೆಯಿತು.

“ತವರ ಇಲ್ಲಮ್ಮ,” ಎಂದ ಗೌಸ್. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. “ಕಲಾಯಿ ಇಲ್ಲ ಈಗ.”

“ಇಲ್ದಿದ್ರೆ ಮತ್ಯಾಕಯ್ಯ ನಾಯಿ ಕೈಲಿ ಬೊಗಳಿಸ್ದೆ? ಒಲೆ ಮೇಲಿದ್ದ ಸಾರು ಚೆಲ್ಲಿ ಬಂದಿದ್ದೀನಿ ನಾನು!”

“ನಾನು ಬೊಗಳಿಸಿಲ್ಲಮ್ಮ. ಅದಕ್ಕೆ ಹಸಿವಾಗಿದೆ.”

ಎಂದು ಬೋಗುಣಿಯನ್ನು ಕೆಳಗಿಟ್ಟ. ಗೂಂಗಾ ಮೂತಿ ಮುಳುಗಿಸಿತು. ಅದು ಕುಡಿದು ಮುಗಿಸುವವರೆಗೆ ಅವನು ಅದರ ಗಂಟಲನ್ನೇ ನೋಡುತ್ತ, ಉಸಿರು ಬಿಗಿಹಿಡಿದು ಕೂತಿದ್ದ.